ಒಂದು ಹರಳು ಕಲ್ಲುಸಕ್ಕರೆ

ಹೈದರಾಬಾದಿನಲ್ಲಿ ಮೂಸಿ ಹೊಳೆ ಉಕ್ಕಿ ಮನೆಮಠಗಳನ್ನು ಕೊಚ್ಚಿಕೊಂಡು ಹೋದ ಮರುವರ್ಷ ನಮ್ಮತ್ತೆ ಚಂದಮ್ಮ ಶರಣೆಯಾದರು. ಆದರು ಅನ್ನುವುದಕ್ಕಿಂತ ಕಮಲಾಪುರದ ಜನ ಅವರನ್ನು ಹಿಡಿದು ಶರಣೆ ಮಾಡಿದರು ಅನ್ನಬೇಕು. ಮನೆಯಲ್ಲೇ ಇದ್ದ ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ, ಇವರು ಶರಣೆಯಲ್ಲ, ಇವರಿಗೆ ಮರೆವು ಹಿಡಿದಿದೆ ಅಂತ ಹೇಳುತ್ತಿದ್ದೆ. ಸೊಸೆಯ ಮಾತು ಯಾರು ನಂಬುತ್ತಿದ್ದರೋ ಅದು ಬೇರೆ ವಿಷಯ.

ನಾನು ಸೂಗಮ್ಮ. ತವರು ಕಲಬುರಗಿಯ ಶಹಾಬಜಾರ. ಹದಿನಾಲ್ಕಕ್ಕೆ ಕಮಲಾಪುರದ ಬಾಳೆತೋಟದ ಅಣವೀರಪ್ಪನ ಹೆಂಡತಿಯಾಗಿ ಈ ಮನೆಗೆ ಬಂದೆ. ಬಂದ ಎಂಟನೆಯ ದಿನ ಬೆಳಿಗ್ಗೆ ಹಸಿವು ತಾಳಲಾರದೆ ಒಂದು ಮುಷ್ಟಿ ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡೆ. ಲಿಂಗಪೂಜೆ ಇನ್ನೂ ಆಗಿರಲಿಲ್ಲ. ಅತ್ತೆ ನೋಡಿಬಿಟ್ಟರು. ಬಾಯಿ ತೊಳೆಸಿ, ತಣ್ಣೀರು ಸುರಿದು, ಪೂಜೆಗೆ ಕೂರಿಸಿದರು. ಪೂಜೆಯಾದ ಮೇಲೂ ಹೊತ್ತು ಮುಳುಗುವವರೆಗೆ ಊಟ ಕೊಡಲಿಲ್ಲ. ಅವತ್ತಿನಿಂದ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. 'ಏ ಕಲಬುರ್ಗಿಯಾಕಿ' ಅಂದರೆ ನಾನು. ಹದಿನಾರು ವರ್ಷ ಅದೇ ಹೆಸರಿಗೆ ಓಗೊಟ್ಟೆ, ಒಳಗೊಳಗೇ ಹಲ್ಲು ಕಡಿಯುತ್ತ.

ಅವರ ಪೂಜೆ ಮಾತ್ರ ನೋಡುವಂಥದ್ದು. ಸ್ನಾನ, ಹಣೆಗೆ ಈಬತ್ತಿ, ಮಣೆಯ ಮೇಲೆ ಕೂತು ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು ಎಡಗೈ ಅಂಗೈಯಲ್ಲಿಟ್ಟುಕೊಳ್ಳುವುದು, ನೀರು, ಪತ್ರಿ, ಆರತಿ, ಕೊನೆಗೆ ನೈವೇದ್ಯ. ನೈವೇದ್ಯವೆಂದರೆ ಒಂದು ಹರಳು ಕಲ್ಲುಸಕ್ಕರೆ, ಅಷ್ಟೆ. ಬೇರೆಯವರ ಮನೆಯಲ್ಲಿ ಹಾಲು, ಹಣ್ಣು ಇಡುವುದನ್ನು ಕಂಡು ನಾನು ಒಮ್ಮೆ ಕೇಳಿದ್ದೆ. "ಲಿಂಗಯ್ಯಗ ಹೊಟ್ಟಿಬಾಕತನ ಇಲ್ಲ, ನಿನಗದ" ಅಂದಿದ್ದರು. ಇಟ್ಟ ನೈವೇದ್ಯ ಪ್ರಸಾದವಾದ ಮೇಲೆ ಒಂದು ಚೂರೂ ಉಳಿಸಬಾರದು ಎನ್ನುವುದನ್ನೂ ಅವರೇ ಕಲಿಸಿದರು.

ಶ್ರಾವಣದ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಕರಡಿಗೆ ಕಟ್ಟಿಕೊಂಡು, ಊಟಕ್ಕೆ ಬಂದು ಕೂತರು. ನಾನು ರೊಟ್ಟಿ, ಪುಂಡಿಪಲ್ಯದ ತಾಟು ಇಟ್ಟೆ. ಅವರು ತಾಟು ನೋಡಿ ನನ್ನ ಮುಖ ನೋಡಿದರು.

"ಪೂಜಿ ಆಗಿಲ್ಲ, ತಾಟ ಹೆಂಗ ಇಡ್ತಿ?"

"ಈಗಷ್ಟ ಆಯ್ತಲ್ರಿ ಅತ್ತಿ."

"ನನಗ ಸುಳ್ಳು ಹೇಳ್ತಿ? ಶೇಂಗಾ ತಿಂದಾಕಿ ನೀ."

ಎದ್ದುಹೋಗಿ ಮತ್ತೆ ಸ್ನಾನ ಮಾಡಿದರು, ಮತ್ತೆ ಪೂಜೆಗೆ ಕೂತರು. ಅದು ಮುಗಿದು ತಾಟು ಇಟ್ಟರೆ ಮತ್ತೆ ಅದೇ ಮಾತು. ಮೊದಮೊದಲು ದಿನಕ್ಕೆ ಮೂರಾಯಿತು, ಏಳಾಯಿತು, ದೀಪಾವಳಿಯ ಹೊತ್ತಿಗೆ ಹದಿನೈದು. ಊಟದ ತಾಟು ಕಂಡರೆ ಸಾಕು, ಅವರಿಗೆ ಪೂಜೆ ನೆನಪಾಗುತ್ತಿತ್ತು. ಮಾಡಿದ ಪೂಜೆ ನೆನಪಿರುತ್ತಿರಲಿಲ್ಲ.

ಮರೆವು ಅಂದರೆ ಮಂಕಾಗುವುದು ಅಂತ ನಾನು ತಿಳಿದಿದ್ದೆ. ಅತ್ತೆ ಮಂಕಾಗಲಿಲ್ಲ. ಕಣ್ಣು ಹೊಳೆಯತೊಡಗಿದವು, ನಿದ್ದೆ ಹಾರಿಹೋಯಿತು, ಮಾತು ಹತ್ತುಪಟ್ಟಾಯಿತು. ಮಧ್ಯಾಹ್ನ ಬಾಳೆತೋಟದಲ್ಲಿ ಹಸಿರು ಬೆಳಕಿನೊಳಗೆ ನಡೆಯುತ್ತ, ಒಂದೊಂದು ಗಿಡದ ಕೆಂಪು ದಿಂಡನ್ನು ಮುಟ್ಟಿ ಮಾತಾಡಿಸುತ್ತಿದ್ದರು. ಸತ್ತುಹೋದ ತಂದೆ ಅಲ್ಲಿ ನೀರು ಕಟ್ಟುತ್ತಿದ್ದರು. ಏಳು ವರ್ಷಕ್ಕೇ ತೀರಿಹೋದ ತಂಗಿ ಗುರಮ್ಮ ಎಲೆಯ ಮರೆಯಲ್ಲಿ ಅಡಗಿ ಆಡುತ್ತಿದ್ದಳು. ನಾನು ಹಿಂದೆ ಹಿಂದೆ ಹೋಗುತ್ತಿದ್ದೆ. ಬೆಳಿಗ್ಗೆ ನಾನೇ ಗುರಮ್ಮ, ಮಧ್ಯಾಹ್ನ ಅವರ ಅವ್ವ, ಸಂಜೆಗೆ ಯಾರೋ ನೆರೆಯಾಕೆ. ನಿಜ ಹೇಳುತ್ತೇನೆ, ಆ ತೋಟದಲ್ಲಿ ನನಗೂ ಒಮ್ಮೊಮ್ಮೆ ಎಲೆಗಳ ಸಂದಿಯಲ್ಲಿ ಒಂದು ಹುಡುಗಿಯ ಪರಕಾರದ ನೆರಿಗೆ ಸರಿದಂತಾಗುತ್ತಿತ್ತು. ಅತ್ತೆಗೆ ಸಿಟ್ಟು ಬಂದಾಗ ಮಾತ್ರ ನಾನು ಮರಳಿ ಕಲಬುರ್ಗಿಯಾಕಿ.

ಮೊದಲು ಕಾಲು ಮುಟ್ಟಿದವಳು ಪಕ್ಕದ ಮನೆಯ ಲಲಿತಾಬಾಯಿ. "ದಿನಕ್ಕ ಹದಿನೈದು ಪೂಜಿ, ಬಾಯಾಗ ಒಂದು ತುತ್ತಿಲ್ಲ, ಮಾರಿ ನೋಡ್ರಿ ಹೆಂಗ ಬೆಳಗತದ" ಅಂತ ಬಾವಿಕಟ್ಟೆಯಲ್ಲಿ ಹೇಳಿದಳು. ಸಂತೆಯ ದಿನ ಆ ಮಾತು ಹತ್ತು ಊರಿಗೆ ಹೋಯಿತು. ಮಠದ ಅಯ್ಯನವರು ಬಂದು ಕೈಮುಗಿದರು. ಸತ್ತವರ ಸುದ್ದಿ ಕೇಳುವ ಆಸೆಯಿಂದ ಹೆಣ್ಣುಮಕ್ಕಳು ಹೂವು, ಕಾಯಿ ಹಿಡಿದು ಪಡಸಾಲೆ ತುಂಬಿದರು. ಅತ್ತೆ ಬಂದವರನ್ನೆಲ್ಲ ಯಾರ್ಯಾರೋ ಅಂತ ತಿಳಿದು ಮಾತಾಡಿಸುತ್ತಿದ್ದರು. ಬಂದವರು ಅದನ್ನು ಹಿಂದಿನ ಜನ್ಮದ ಗುರುತು ಅಂತ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು.

ನನ್ನ ಗಂಡ ಊರಲ್ಲಿ ನಾಲ್ಕು ಜನರ ಮುಂದೆ ಬಾಯಿಬಿಡದ ಮನುಷ್ಯ. ಈಗ ಬಾಗಿಲಲ್ಲಿ ಕಂಬಳಿ ಹಾಸಿ ಬಂದವರನ್ನು ಕೂರಿಸತೊಡಗಿದ. ಜನ ಅವನಿಗೂ ಕೈಮುಗಿಯುತ್ತಿದ್ದರು. ಅವನ ಮುಖದ ಆ ಸಂತೋಷ ನೋಡಿ ನನಗೆ ಅಯ್ಯೋ ಅನ್ನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು. ಯಾಕೆಂದರೆ ಅತ್ತೆಯ ಹೊಟ್ಟೆಗೆ ಹೋಗುತ್ತಿದ್ದದ್ದು ಹದಿನೈದು ಹರಳು ಕಲ್ಲುಸಕ್ಕರೆ, ಒಂದಿಷ್ಟು ನೀರು. ದಸರೆಗೆ ನಾನೇ ಹೊಲಿದಿದ್ದ ಕುಪ್ಪಸದೊಳಗೆ ಈಗ ಇನ್ನೊಬ್ಬರು ಹಿಡಿಸುತ್ತಿದ್ದರು. ಬಲವಂತ ಮಾಡಿದರೆ ತಾಟು ಬೀಸಿ ಒಗೆಯುತ್ತಿದ್ದರು, ತುತ್ತು ಬಾಯಿಗಿಟ್ಟರೆ ಉಗುಳುತ್ತಿದ್ದರು.

"ನಿಮ್ಮ ಅವ್ವ ಹಸದು ಸಾಯ್ಲಾಕತ್ತಾರ್ರಿ" ಅಂದೆ ಒಂದು ದಿನ.

"ಶರಣರಿಗಿ ಹಸಿವಿ ಇರಂಗಿಲ್ಲ" ಅಂದ.

"ಅವರಿಗಿ ಹೊಟ್ಟಿ ಅದಲ್ರಿ."

ಅವನು ಎದ್ದು ಕಂಬಳಿ ಕೊಡವಲು ಹೋದ. ಜನ ಬರುವ ಹೊತ್ತಾಗಿತ್ತು.

ಕೊನೆಗೆ ಸುಳ್ಳು ಹೇಳಿದೆ. ಅತ್ತೆಗೆ ಕಲಬುರಗಿಯ ಶರಣರ ಗುಡಿಯ ದರ್ಶನ ಬೇಕಾಗಿದೆಯಂತೆ ಅಂದೆ. ಗಂಡ ಎರಡೂ ಕೈ ಕಣ್ಣಿಗೊತ್ತಿಕೊಂಡು ಒಪ್ಪಿದ. ನಸುಕಿನಲ್ಲಿ ತೋಟದ ಆಳು ಯಂಕಪ್ಪ ಗಾಡಿ ಹೂಡಿದ. ತವರಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬಾರದಂತ ಕೆಂಪು ಬಾಳೆಯ ಎರಡು ಬುಟ್ಟಿ ಇಟ್ಟುಕೊಂಡೆ. ಸಂಜೆ ಶಹಾಬಜಾರ ಮುಟ್ಟಿದೆವು. ದಾರಿಯಲ್ಲಿ ಆರು ಪೂಜೆ ಆಗಿದ್ದವು.

ನಮ್ಮ ತವರಿನ ಗೋಡೆಗೆ ಗೋಡೆ ಹತ್ತಿದ ಮನೆ ಹಕೀಮ್ ಇಮಾಮುದ್ದೀನ್ ಸಾಹೇಬರದು. ಚಿಕ್ಕಂದಿನಲ್ಲಿ ನಾನು ಅವರ ಖಲಬತ್ತಿನಲ್ಲಿ ಜ್ಯೇಷ್ಠಮಧು ಕುಟ್ಟಿಕೊಂಡು ತಿಂದವಳು. ಮರುದಿನ ಬೆಳಿಗ್ಗೆ ಅತ್ತೆಯನ್ನು ಕರೆದುಕೊಂಡು ಹೋದೆ. ಒಂದು ಬುಟ್ಟಿ ಹಣ್ಣನ್ನು ಅವರ ಬೀಬಿ ಅಕ್ಬರಿ ಬೇಗಂ ಕೈಗೆ ಕೊಟ್ಟೆ.

ಹಕೀಮರು ಬಹಳ ಹೊತ್ತು ನಾಡಿ ಹಿಡಿದು ಕೂತರು. ಬೆಳಿಗ್ಗೆ ಏನು ಉಂಡಿರಿ ಅಂತ ಕೇಳಿದರು. ಅತ್ತೆಗೆ ಗೊತ್ತಿರಲಿಲ್ಲ. ಯಾರ ಜೊತೆ ಬಂದಿರಿ ಅಂದರು. ಅದೂ ಗೊತ್ತಿರಲಿಲ್ಲ. ಮದುವೆ ಹೆಂಗಾಯಿತು ಅಂದದ್ದೇ ತಡ, ಅತ್ತೆಯ ಮುಖ ಅರಳಿತು. ಹಂದರಕ್ಕೆ ಕಟ್ಟಿದ ಎಲೆ ಯಾವ ಗಿಡದ್ದು, ಯಾವ ಎತ್ತಿನ ಕೊಂಬಿಗೆ ಯಾವ ಬಣ್ಣ, ಯಾರು ಮುನಿಸಿಕೊಂಡು ಉಣ್ಣದೆ ಹೋದರು ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ನಿಂತರು. "ಅಯ್ಯ, ಪೂಜಿ ಆಗಿಲ್ಲಲ್ಲ" ಅಂದರು. ನಾನು ನಮ್ಮ ಮನೆಯಿಂದ ನೀರು, ಪತ್ರಿ ತಂದುಕೊಟ್ಟೆ. ಹಕೀಮರು ಗೋಡೆಯ ಕಡೆ ಸರಿದು ಕೂತು, ಆ ಪೂಜೆ ಮುಗಿಯುವವರೆಗೂ ಅತ್ತೆಯ ಕೈಗಳನ್ನೇ ನೋಡಿದರು.

ಆಮೇಲೆ ನನ್ನನ್ನು ಅಂಗಳಕ್ಕೆ ಕರೆದರು.

"ಬೇಟಿ, ತಲಿಯೊಳಗ ಮೂರು ಖೋಲಿ ಅವ ಅಂತ ನಮ್ಮ ಕಿತಾಬಿನಾಗ ಬರದಾರ. ಮುಂದಿನ ಖೋಲಿಗಿ ಕಂಡದ್ದು, ಕೇಳಿದ್ದು ಬರ್ತದ. ನಡುವಿಂದು ವಿಚಾರದ್ದು. ಹಿಂದಿಂದು ನೆನಪಿಂದು. ಅಲ್ಲಿ ಬಲ್ಗಮ್, ಅಂದ್ರ ಕಫ, ಇಳದು ಗಟ್ಟಿ ಆಗ್ಯದ. ಇವತ್ತಿಂದು ಒಳಗ ಹೋಗ್ಲಾಕ ಜಾಗ ಇಲ್ಲ. ಹಳೇದು ಮೊದಲೇ ಒಳಗ ಕುಂತದ."

"ಹಂಗಿದ್ರ ಸುಸ್ತಾಗಿ ಬೀಳಬೇಕಿತ್ತಲ್ರಿ ಚಾಚಾ. ಇವರಿಗಿ ನಿದ್ದಿ ಇಲ್ಲ, ಮಾತು ನಿಲ್ಲಂಗಿಲ್ಲ."

"ಕಣ್ಣಾಗ ಉಸುಕು ಬಿದ್ರ ಕಣ್ಣು ಸುಮ್ಮ ಇರ್ತದೇನು? ಬಡಕೋತದ, ನೀರು ಸುರಸ್ತದ. ಹಂಗೇ ಇದು. ಗಟ್ಟಿ ಆದ ಜಾಗದ ಸುತ್ತಮುತ್ತ ಎಲ್ಲಾ ಎದ್ದು ಕುಂತದ. ಜನ ಅದನ್ನೇ ತೇಜಸ್ಸು ಅಂದಾರ." ಅವರು ಗಡ್ಡ ನೀವಿಕೊಂಡರು. "ಮುಂದ ಅದೂ ದಣೀತದ. ಆವಾಗ ಈ ಮಾತು ಕೇಳಬೇಕಂದ್ರೂ ಸಿಗಂಗಿಲ್ಲ ನಿನಗ."

ಗಟ್ಟಿಯಾದದ್ದನ್ನು ಕರಗಿಸಲು ಆಗದೇ ಅಂತ ಕೇಳಿದೆ. ಬಜೆ, ಕುಂದರ್ ಎಂಬ ಧೂಪದ ಅಂಟು, ಜೇನು ಕಲಸಿದ ಲೇಹ್ಯ ಕೊಡುತ್ತೇನೆ, ಆದರೆ ಆಸೆ ಇಟ್ಟುಕೊಳ್ಳಬೇಡ ಅಂದರು. ಅವರ ಅಳಿಯ ಹೈದರಾಬಾದಿನಲ್ಲಿ ಡಾಕ್ಟರಿ ಓದುತ್ತಿದ್ದ. ವಿಲಾಯತಿ ಕಡೆ ಹೀಗೇ ಮರೆತು ಮರೆತು ಸತ್ತ ಹೆಣ್ಣುಮಗಳೊಬ್ಬಳ ತಲೆ ತೆರೆದು, ದೊಡ್ಡದು ಮಾಡಿ ತೋರಿಸುವ ಗಾಜಿನಲ್ಲಿ ನೋಡಿದರಂತೆ, ಒಳಗೆ ಸಣ್ಣ ಸಣ್ಣ ಹರಳಿನಂಥದ್ದು ಕೂತಿತ್ತಂತೆ ಅಂತ ಅವನು ಹೇಳಿದ್ದನಂತೆ. "ಅದು ಏನು, ಎಲ್ಲಿಂದ ಬಂತು ಅವರಿಗೂ ತಿಳಿದಿಲ್ಲ. ನನಗೂ ತಿಳಿದಿಲ್ಲ. ಸುಳ್ಳು ಹೇಳಿ ನಿನ್ನ ಕಳಸಂಗಿಲ್ಲ" ಅಂದರು.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಹದಿನಾರು ವರ್ಷ ಬೈಸಿಕೊಂಡವಳು ಯಾಕೆ ಅಳುತ್ತಿದ್ದೇನೆ ಅಂತ ನನಗೇ ಆಶ್ಚರ್ಯವಾಯಿತು. ಆದರೆ ಹಸಿವು ಅಂದರೆ ಏನು ಅಂತ ನನಗೆ ಅತ್ತೆಯ ಮನೆಯಲ್ಲೇ ಒಂದು ದಿನ ಗೊತ್ತಾಗಿತ್ತು, ಅದನ್ನು ಯಾರಿಗೂ ಬಯಸಲಾರೆ.

"ನೆನಪು ಹೋದ್ರೂ ಕೈ ಹೋಗಿಲ್ಲ ಬೇಟಿ" ಅಂದರು ಹಕೀಮರು. "ಪೂಜಿಯೊಳಗ ಒಂದು ಕಡೀನೂ ಕೈ ತಪ್ಪಲಿಲ್ಲ. ನೀ ತಾಟ ಹಿಡಕೊಂಡು ಎದುರು ನಿಂತು ಕರೀಬ್ಯಾಡ. ಆ ಕೈ ಎಲ್ಲಿ ಹೊಂಟದ ನೋಡು, ಅಲ್ಲಿ ಹೋಗಿ ಕೂಡು."

ಆ ಮಾತಿನ ಅರ್ಥ ಆಗ ನನಗೆ ಆಗಲಿಲ್ಲ. ದೊಡ್ಡವರು ಹೀಗೆ ಏನಾದರೂ ಹೇಳಿ ಕಳಿಸುತ್ತಾರೆ ಅಂದುಕೊಂಡೆ. ಹೊರಡುವಾಗ ಅಕ್ಬರಿ ಬೇಗಂ ನನ್ನ ಬುಟ್ಟಿ ತಂದುಕೊಟ್ಟರು. ತುಂಬಿ ಬಂದ ಬುಟ್ಟಿಯನ್ನು ಬರಿದು ಮಾಡಿ ಹಿಂದಿರುಗಿಸುವ ಪದ್ಧತಿ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಇಲ್ಲ. ಕೊಡಲು ಬೇರೇನೂ ಕೈಗೆ ಸಿಗಲಿಲ್ಲವೇನೋ, ನಮ್ಮ ಹಣ್ಣಿನಲ್ಲೇ ನಾಲ್ಕನ್ನು ತಳದಲ್ಲಿ ಉಳಿಸಿದ್ದರು.

ಗುಡಿಯ ದರ್ಶನವನ್ನೂ ಮಾಡಿಸಿದೆ, ಸುಳ್ಳಿನ ಅರ್ಧವಾದರೂ ನಿಜವಾಗಲಿ ಅಂತ. ಮರುದಿನ ಮರಳುವ ದಾರಿಯಲ್ಲಿ ಬಿಸಿಲೇರಿತು. ಒಂದು ಬೇವಿನ ಮರದ ಕೆಳಗೆ ಯಂಕಪ್ಪ ಎತ್ತು ಬಿಚ್ಚಿದ. ನಾನು ಬುತ್ತಿಗಂಟು ಬಿಚ್ಚಿದ್ದೇ ಅತ್ತೆ ಪೂಜೆಗೆ ಕೂತರು. ಬಿಂದಿಗೆಯ ನೀರು ಕೊಟ್ಟೆ, ಪತ್ರಿ ಕೊಟ್ಟೆ. ಆರತಿಯಾಯಿತು. ಅತ್ತೆ ತಿರುಗಿ ನೋಡದೆ ಬಲಗೈ ಚಾಚಿದರು.

"ನೈವೇದ್ಯ ಎಲ್ಲಿ?"

ಕಲ್ಲುಸಕ್ಕರೆಯ ಡಬ್ಬಿಯನ್ನು ತವರಿನ ಗೂಡಿನಲ್ಲೇ ಮರೆತು ಬಂದಿದ್ದೆ. ಮರೆವು ಅತ್ತೆಯೊಬ್ಬರದೇ ಸೊತ್ತಲ್ಲವಲ್ಲ. ಚಾಚಿದ ಆ ಕೈ ಹಾಗೇ ಗಾಳಿಯಲ್ಲಿ ನಿಂತಿತ್ತು. ಗಾಬರಿಯಲ್ಲಿ ಬುಟ್ಟಿಗೆ ಕೈಹಾಕಿ, ಒಂದು ಕೆಂಪು ಬಾಳೆಹಣ್ಣು ಸುಲಿದು ಇಡೀ ಹಣ್ಣನ್ನೇ ಕೊಟ್ಟೆ. ಹಕೀಮರ ಮನೆ ಹೊಕ್ಕು ಬಂದ ಹಣ್ಣು ಅಂತ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಆಗಿದ್ದರೂ, ಸಿಪ್ಪೆಯೊಳಗಿದ್ದ ಹಣ್ಣಿಗೆ ಏನಾಗಿರುತ್ತೆ? ಬೈಗುಳಕ್ಕೆ ಕಾಯುತ್ತ ಕೂತೆ. ಅತ್ತೆ ಹಣ್ಣನ್ನು ಲಿಂಗಕ್ಕೆ ತೋರಿಸಿ ಕಣ್ಣು ಮುಚ್ಚಿದರು. ಕಣ್ಣು ತೆರೆದು, ಚೂರು ಚೂರಾಗಿ ಮುರಿದು, ಹಣ್ಣು ಪೂರ್ತಿ ತಿಂದು ಬೆರಳು ನೆಕ್ಕಿದರು.

ಪ್ರಸಾದ ಉಳಿಸಬಾರದು. ನನ್ನ ತಲೆಗೆ ಆಗ ಹೊಳೆಯಿತು. ಹದಿನೈದು ಪೂಜೆ ಮಾಡುವವರಿಗೆ ಹದಿನೈದು ಊಟ ಹಾಕುವುದು ಬಿಟ್ಟು, ನಾವು ಹದಿನೈದು ಹರಳು ಸಕ್ಕರೆ ಕೊಡುತ್ತ ಕೂತಿದ್ದೆವು, ನೈವೇದ್ಯಕ್ಕೆ ಒಂದೇ ಹರಳು ಎಂದು ಅವರೇ ಕಲಿಸಿದ ಪಾಠ ತಪ್ಪಬಾರದು ಅಂತ. ಕಮಲಾಪುರ ಮುಟ್ಟುವ ಹೊತ್ತಿಗೆ ಬುಟ್ಟಿಯಲ್ಲಿ ಹಣ್ಣಿರಲಿಲ್ಲ. ಬುತ್ತಿಯ ರೊಟ್ಟಿಯೂ ಮೊಸರಿನಲ್ಲಿ ಕಲಸಿ ನೈವೇದ್ಯವಾಗಿ ಮುಗಿದಿತ್ತು. ಯಂಕಪ್ಪ ಹಸಿದುಕೊಂಡೇ ಗಾಡಿ ಹೊಡೆದ, ಪಾಪ.

ಮರುದಿನದಿಂದ ನಾನು ತಾಟು ಇಡುವುದನ್ನೇ ಬಿಟ್ಟೆ. ತಾಟು ಕಾಣದಿದ್ದರೂ ಪೂಜೆಗಳು ನಿಲ್ಲಲಿಲ್ಲ. ಒಂದು ಪೂಜೆಗೆ ಹಾಲಲ್ಲಿ ನೆನೆಸಿದ ರೊಟ್ಟಿ, ಇನ್ನೊಂದಕ್ಕೆ ಹೆಸರುಬೇಳೆಯ ಪಾಯಸ, ಮತ್ತೊಂದಕ್ಕೆ ತುಪ್ಪ ಸವರಿದ ಹೋಳಿಗೆಯ ಚೂರು. ಸಣ್ಣ ಬಟ್ಟಲಲ್ಲಿ ನಾಲ್ಕು ತುತ್ತಿನಷ್ಟು. ಹಕೀಮರ ಲೇಹ್ಯವನ್ನೂ ಹಾಗೇ ಕೊಟ್ಟೆ, ಅದರಿಂದ ಏನೂ ಆಗಲಿಲ್ಲ. ಆದರೆ ತಿಂಗಳೊಳಗೆ ಕುಪ್ಪಸ ತುಂಬಿತು, ಕೆನ್ನೆಯ ಗುಳಿ ತುಂಬಿತು.

ಬರುವ ಜನ ಕಡಿಮೆಯಾದರು. "ಶರಣಿ ದಿನಕ್ಕ ಹದಿನೈದು ಸಲ ತಿಂತಾಳಂತ" ಅಂತ ಲಲಿತಾಬಾಯಿಯೇ ಬಾವಿಕಟ್ಟೆಯಲ್ಲಿ ನಕ್ಕಳಂತೆ. ಒಂದು ದಿನ ಗಂಡ ಅಡುಗೆಮನೆಗೆ ಬಂದು ಪಾಯಸದ ಬಟ್ಟಲನ್ನು ನನ್ನ ಕೈಯಿಂದ ಕಿತ್ತುಕೊಂಡ.

"ನಮ್ಮವ್ವನ ಹೆಸರು ಮಣ್ಣುಪಾಲ ಮಾಡಿದಿ."

"ಹೆಸರು ಅವರಿಗೇ ನೆನಪಿಲ್ರಿ. ನೈವೇದ್ಯಕ್ಕ ಕೈ ಚಾಚ್ಯಾರ. ಬಟ್ಟಲ ನಿಮ್ಮ ಕೈಯಾಗ ಅದ, ಕೊಡ್ರಿ ಇಲ್ಲಂದ್ರ ಚೆಲ್ರಿ."

ಪಡಸಾಲೆಯಲ್ಲಿ ಅತ್ತೆಯ ಕೈ ಗಾಳಿಯಲ್ಲಿ ಕಾಯುತ್ತಿತ್ತು. ಅವನು ಬಹಳ ಹೊತ್ತು ಆ ಕೈ ನೋಡಿದ. ಹೋಗಿ ಬಟ್ಟಲು ಕೊಟ್ಟ. ಅತ್ತೆ ಅವನ ಮುಖ ನೋಡಿ, "ಯಾರ ಮಗಪ್ಪ ನೀ? ಚಲೋ ಹುಡುಗ ಇದ್ದಿ" ಅಂದರು. ಅವನು ಕಂಬಕ್ಕೆ ಮುಖ ಒತ್ತಿ ನಿಂತ. ಸಂಜೆ ಬಾಗಿಲ ಕಂಬಳಿಯನ್ನು ಮಡಿಸಿ ಒಳಗಿಟ್ಟ. ನಾಳೆಯಿಂದ ಬೆಳಗಿನ ಮೂರು ಬಟ್ಟಲು ನಾನು ಕೊಡುತ್ತೇನೆ ಅಂದ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಹಕೀಮರು ಹೇಳಿದಂತೆಯೇ ಆಯಿತು. ಹದಿನೈದು ಪೂಜೆ ಹತ್ತಾಯಿತು, ನಾಲ್ಕಾಯಿತು. ತೋಟದಲ್ಲಿ ಗುರಮ್ಮ ಕಾಣುವುದು ನಿಂತಿತು, ನೀರು ಕಟ್ಟುವ ತಂದೆ ಹೊರಟುಹೋದರು. ಅತ್ತೆ ಒಂದೇ ಬಾಳೆಯ ಬುಡದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಎಲೆಯ ನೆರಳು ಅವರ ಸೀರೆಯ ಮೇಲೆ ಓಡಾಡುತ್ತಿತ್ತು. ಸಿಟ್ಟು ಕೂಡ ಬರುತ್ತಿರಲಿಲ್ಲ. ಒಮ್ಮೆ ಬೇಕಂತಲೇ ಅವರೆದುರು ಪಾತ್ರೆ ಕುಕ್ಕಿದೆ, ಒಂದು ಸಲವಾದರೂ ಕಲಬುರ್ಗಿಯಾಕಿ ಅನ್ನಲಿ ಅಂತ. ಅನ್ನಲಿಲ್ಲ.

ಒಂದು ದಿನ ಪೂಜೆಗೆ ಕೂರಿಸಿ ಲಿಂಗವನ್ನು ಅಂಗೈಯಲ್ಲಿಟ್ಟೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ಕೈಗೆ ಕೊಟ್ಟರು.

"ಜ್ವಾಕಿ ಇಡು. ಯಾರದರ ಇರ್ಬೇಕು, ಕೇಳಿಕೊಂಡು ಬಂದಾರು."

ನಾನು ಕರಡಿಗೆಯಲ್ಲಿಟ್ಟು ಅವರ ಕೊರಳಿಗೇ ಕಟ್ಟಿದೆ. ಪೂಜೆ ಇಲ್ಲವೆಂದ ಮೇಲೆ ನೈವೇದ್ಯವಿಲ್ಲ, ನೈವೇದ್ಯವಿಲ್ಲದೆ ಊಟವಿಲ್ಲ. ಮೂರು ದಿನ ಗಂಡ, ನಾನು ಸರದಿಯಲ್ಲಿ ಬಟ್ಟಲು ಹಿಡಿದು ಬೇಡಿಕೊಂಡೆವು. ಅವರು ತುಟಿ ಬಿಗಿದು ದೂರ ನೋಡುತ್ತಿದ್ದರು. ನೀರು ಮಾತ್ರ ಗುಟುಕು ಗುಟುಕಾಗಿ ಇಳಿಯುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ತೋಟದಲ್ಲಿ ಅವರ ಪಕ್ಕ ಕೂತಿದ್ದೆ. ಬೆಳಗಿನಿಂದ ಅವರ ಹಿಂದೆಯೇ ಇದ್ದು ನನ್ನ ಸ್ನಾನವೂ ಆಗಿರಲಿಲ್ಲ, ಪೂಜೆಯೂ ಆಗಿರಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿತ್ತು. ಏನೂ ತೋಚದೆ ಒಂದು ಹಣ್ಣು ಕಿತ್ತು ಅವರ ಎಡಗೈ ಅಂಗೈಯಲ್ಲಿಟ್ಟೆ, ಲಿಂಗ ಇರುತ್ತಿದ್ದ ಜಾಗದಲ್ಲಿ. ಬಹಳ ಹೊತ್ತು ಆ ಕೈ ಸುಮ್ಮನಿತ್ತು. ಆಮೇಲೆ ಬಲಗೈ ಎದ್ದು ಬಂತು. ಸಿಪ್ಪೆ ಸುಲಿಯಿತು, ತುದಿಯ ಚೂರು ಮುರಿಯಿತು, ಮುರಿದದ್ದನ್ನು ಎತ್ತಿ ಹಿಡಿಯಿತು. ಬಾಯಿಗೆ ಹೋಗಲಿಲ್ಲ. ತನಗಿಂತ ಮೊದಲು ಯಾರಿಗೋ ಕೊಡಬೇಕು ಅನ್ನುವುದಷ್ಟೇ ಆ ಕೈಗೆ ಉಳಿದಿತ್ತು, ಯಾರಿಗೆ ಅನ್ನುವುದು ಉಳಿದಿರಲಿಲ್ಲ. ಅತ್ತೆ ಸುತ್ತ ಹುಡುಕಿದರು. ಅಲ್ಲಿ ನಾನಿದ್ದೆ.

ಹಣ್ಣಿನ ಚೂರು ನನ್ನ ತುಟಿಗೆ ತಾಗಿತು.

"ಉಣ್ಣವ್ವ" ಅಂದರು. "ಭಾಳ ಹಸದೀದಿ."

ಪೂಜೆ ಆಗಿಲ್ಲ ಅತ್ತಿ ಅಂತ ಹೇಳಲು ಬಾಯಿ ತೆರೆದೆ. ಹೇಳಲಿಲ್ಲ, ತಿಂದೆ. ಕಣ್ಣೀರು ಸುರಿಯುತ್ತಿತ್ತು, ಹಣ್ಣು ಸಿಹಿಯಾಗಿತ್ತು. ನಾನು ನುಂಗುವವರೆಗೆ ಅವರು ನೋಡುತ್ತಿದ್ದರು. ಆಮೇಲೆ ಉಳಿದ ಹಣ್ಣನ್ನು ಚೂರು ಚೂರಾಗಿ ಮುರಿದು ಪೂರ್ತಿ ತಿಂದರು, ಬೆರಳು ನೆಕ್ಕಿದರು.

ಅವರು ಇದ್ದ ಇನ್ನೊಂದು ವರ್ಷ ಎರಡು ಹೊತ್ತೂ ಹಾಗೆಯೇ ಉಂಡರು. ಮೊದಲ ತುತ್ತು ನನ್ನದು.